ಅತ್ತೆಯ ಕಾಲಡಿಯ ಬೆಸುಗೆ, ಅದರ ಮೇಲೆ ನಿಮ್ಮ ಮುದ್ರೆ

ಮುದ್ರೆ ಒತ್ತಿ ಮರೆತ ಮಾನ್ಯ ಸಾರಿಗೆ ಅಧಿಕಾರಿಗಳೇ,

‘ತಪಾಸಣೆ ಮಾಡಲಾಗಿದೆ, ರಸ್ತೆಗೆ ಯೋಗ್ಯ’ ಎಂದು ಬರೆದು ನೀವು ಸಹಿ ಮಾಡಿದ ಬಿಳಿ ಕಾರೊಂದು ನಮ್ಮ ಅಂಗಳದಲ್ಲಿ ನಿಂತಿದೆ. ಅದು ಒಂದು ಕಾರಲ್ಲ. ಅಪಘಾತದಲ್ಲಿ ಮೂತಿ ಕಳೆದುಕೊಂಡ ಒಂದು ಗಾಡಿಯ ಹಿಂಭಾಗಕ್ಕೆ ಬೇರೆ ಯಾವುದೋ ಗಾಡಿಯ ಮುಂಭಾಗವನ್ನು ಬೆಸೆದು, ಮೇಲೆ ಬಣ್ಣ ಬಳಿದು, ಒಳಗೆ ಕಾರ್ಪೆಟ್ ಹಾಸಿ ಮಾಡಿದ ವಸ್ತು. ಅದರಲ್ಲಿ ನಾನು ಏಳು ತಿಂಗಳು ನನ್ನ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಾಡಿದ್ದೇನೆ. ನನ್ನ ದೂರು ಇಷ್ಟೇ. ಇಷ್ಟನ್ನು ಹೇಳಲು ನಿಮ್ಮ ಕಚೇರಿಗೆ ಮೂರು ಸಲ ಬಂದರೂ ಪೂರ್ತಿ ಹೇಳಲಾಗಲಿಲ್ಲ. ಪ್ರತಿ ಸಲವೂ ಮೊದಲ ವಾಕ್ಯ ಮುಗಿಯುವುದರೊಳಗೆ ನಿಮ್ಮವರು ಕಾಗದ ಕೇಳಿದರು, ಕಾಗದ ಸರಿಯಿದೆ ಎಂದರು, ಮುಂದಿನವರನ್ನು ಕರೆದರು. ಆದ್ದರಿಂದ ಎಲ್ಲರೆದುರು ಬರೆಯುತ್ತಿದ್ದೇನೆ. ಅಚ್ಚಾದ ಪತ್ರವನ್ನು ಅರ್ಧಕ್ಕೆ ತಡೆದು ಮುಂದಿನವರನ್ನು ಕರೆಯಲು ಬರುವುದಿಲ್ಲ.

ನಾನು ಅಥಣಿಯವಳು. ಕಾಗವಾಡದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನನ್ನ ಗಂಡ ಧರಣೇಂದ್ರ ದ್ರಾಕ್ಷಿ ತೋಟದವರಿಗೆ ಔಷಧಿ, ಗೊಬ್ಬರ ಮಾರುವ ಅಂಗಡಿ ಇಟ್ಟಿದ್ದಾರೆ. ಅತ್ತೆ ಸೋನಾಬಾಯಿಯವರಿಗೆ ಎಪ್ಪತ್ತೆರಡು ವರ್ಷ. ತಿಂಗಳಿಗೊಮ್ಮೆ ಗಡಿಯಾಚೆಯ ಆಸ್ಪತ್ರೆಗೆ ಹೋಗಿ ಕಣ್ಣಿಗೆ ಇಂಜೆಕ್ಷನ್ ಮಾಡಿಸಿಕೊಂಡು ಬರಬೇಕು; ಬಸ್ಸಿನ ಮೆಟ್ಟಿಲು ಹತ್ತಲು ಮೊಣಕಾಲು ಒಪ್ಪುವುದಿಲ್ಲ. ಅದಕ್ಕಾಗಿಯೇ ನಲವತ್ತಮೂರನೆಯ ವಯಸ್ಸಿನಲ್ಲಿ ನಾನು ಕಾರು ಕಲಿತೆ. ಹೋದ ದೀಪಾವಳಿ ಪಾಡ್ಯದ ದಿನ, ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯ ಪಕ್ಕ ಹಳೆಯ ಗಾಡಿಗಳನ್ನು ಮಾರುವ ಬಾಳು ಎಂಬುವರ ಜಾಗದಲ್ಲಿ ಈ ಕಾರು ನೋಡಿದೆವು. ಮಹಾರಾಷ್ಟ್ರದಿಂದ ಬಂದದ್ದು, ನಮ್ಮ ರಾಜ್ಯದ ಹೊಸ ನಂಬರು ಆಗಿತ್ತು. ಧರಣೇಂದ್ರ ಎಲ್ಲ ಗಂಡಸರಂತೆ ಟೈರಿಗೆ ಒಮ್ಮೆ ಒದ್ದು, ಬಾನೆಟ್ ತೆರೆದು, ಏನೂ ತಿಳಿಯದೆ ತಲೆಯಾಡಿಸಿದರು. ಬಾಳು ಕಡತ ತೆರೆದು ನಿಮ್ಮ ಮುದ್ರೆಯ ಮೇಲೆ ಬೆರಳಿಟ್ಟರು.

“ಅಕ್ಕಾರ, ನಾ ಹೇಳೂದ ನಂಬಬ್ಯಾಡ್ರಿ. ಸರಕಾರ ಹೇಳೂದರೆ ನಂಬತೀರಿಲ್ಲೋ? ಹನ್ನೊಂದ ದಿವಸದ ಹಿಂದ ಸಾಹೇಬ್ರು ಸ್ವತಾ ನೋಡಿ ಪಾಸ್ ಮಾಡ್ಯಾರ.”

ನಂಬಿದೆವು. ಹೆಣ್ಣುಮಗಳೊಬ್ಬಳು ಗಾಡಿಯ ಅಡಿಗೆ ತೂರಿ ನೋಡಲಾರಳು ಎಂದಲ್ಲವೇ ಆ ಕೆಲಸಕ್ಕೆ ಸರ್ಕಾರ ಒಬ್ಬ ತಜ್ಞರನ್ನು ನೇಮಿಸಿ ಸಂಬಳ ಕೊಡುತ್ತಿರುವುದು?

ಗಾಡಿ ಎಡಕ್ಕೆ ಎಳೆಯುತ್ತಿತ್ತು. ನನ್ನ ಕೈ ಇನ್ನೂ ಪಳಗಿಲ್ಲ ಎಂದುಕೊಂಡೆ. ಎಡಗಡೆಯ ಬಾಗಿಲನ್ನು ಎರಡು ಸಲ ಬಡಿಯಬೇಕಿತ್ತು. ಅತ್ತೆ ಮಾತ್ರ ದಿನವೂ ಹೇಳುತ್ತಿದ್ದರು, “ಮೇಘಾ, ಈ ಬಾಜೂಕ ಗಾಳಿ ಸೀಟಿ ಹೊಡ್ಯಾಕತ್ತೈತಿ ನೋಡ.” ವಯಸ್ಸಾದವರ ಕಿವಿ ಎಂದು ನಾನು ನಕ್ಕೆ. ಜೂನ್‌ನ ಮೊದಲ ಮಳೆಯಲ್ಲಿ ಆಸ್ಪತ್ರೆಯಿಂದ ಮರಳುವಾಗ ಅವರು ಕಾಲನ್ನು ಸೀಟಿನ ಮೇಲೆ ಎತ್ತಿಟ್ಟುಕೊಂಡು ಕೂತರು. ಕಿಟಕಿ ಮುಚ್ಚಿತ್ತು, ಆದರೂ ಅವರ ಚಪ್ಪಲಿ ಒದ್ದೆಯಾಗಿತ್ತು. ನೀರು ಕೆಳಗಿನಿಂದ ಬರುತ್ತಿತ್ತು.

ದಾರಿಯಲ್ಲಿ ಉಗಾರ ಖುರ್ದದಲ್ಲಿ ಮುರಗೆಪ್ಪನವರ ಗ್ಯಾರೇಜು ಸಿಗುತ್ತದೆ. ಸೋರಿಕೆ ಮುಚ್ಚಿಸಿಕೊಂಡು ಹೋದರಾಯಿತು ಎಂದು ನಿಲ್ಲಿಸಿದೆ. ಅವರು ಅತ್ತೆಯನ್ನು ಇಳಿಸಿ, ಸ್ಟೂಲಿನ ಮೇಲೆ ಕೂರಿಸಿ, ಎಡ ಸೀಟಿನ ಮುಂದಿನ ಕಾರ್ಪೆಟ್ ಎತ್ತಿದರು. ಎತ್ತಿ ನನ್ನನ್ನು ಹತ್ತಿರ ಕರೆದರು. ನಾನು ಬಗ್ಗಿದೆ. ಎಡ ಬಾಗಿಲಿನಿಂದ ಗೇರಿನವರೆಗೆ, ಹರಿದ ಗೋಣಿಚೀಲವನ್ನು ಅವಸರದಲ್ಲಿ ಹೊಲಿದಂತೆ, ಉಬ್ಬುತಗ್ಗಿನ ಬೆಸುಗೆಯ ಗೆರೆ. ಮುರಗೆಪ್ಪ ಸ್ಕ್ರೂ ಡ್ರೈವರಿನಿಂದ ಗೆರೆಯ ಆಚೆ ಬದಿಯ ಬಿಳಿ ಬಣ್ಣ ಕೆರೆದರು. ಅಡಿಯಲ್ಲಿ ನೀಲಿ ಇತ್ತು. ಈಚೆ ಬದಿಯಲ್ಲಿ ಕೆರೆದರು. ಅಲ್ಲಿ ಬಿಳಿಯ ಕೆಳಗೆ ಬಿಳಿಯೇ. ಒಂದು ಕಡೆ ಬೆಸುಗೆ ಬಿಟ್ಟಿತ್ತು; ಅವರ ಕಿರುಬೆರಳು ಅದರೊಳಗೆ ಹೋಗಿ ಹೊರಗಿನ ನೆಲದ ಕೆಸರು ಮೆತ್ತಿಕೊಂಡು ಬಂತು.

“ಟೀಚರ್ ಬಾಯಾರ, ಸುಳ್ಳ ಯಾಕ ಹೇಳ್ಲಿ. ಇದು ಒಂದ ಗಾಡಿ ಅಲ್ರಿ. ಎರಡ ಅದಾವ.”

ಆಮೇಲೆ ಅವರು ಸೀಟಿನೆದುರಿನ ಫಲಕ ಬಿಚ್ಚಿದರು. ಡಿಕ್ಕಿಯಾದಾಗ ಉಬ್ಬಿ ಜೀವ ಉಳಿಸಬೇಕಾದ ಗಾಳಿಚೀಲ ಇರುವ ಜಾಗವದು. ಅಲ್ಲಿ ಹಳೆಯ ಹಾಸಿಗೆಯ ಸ್ಪಂಜು ತುರುಕಿದ್ದರು. ಚೀಲಕ್ಕೆ ಹೋಗುವ ತಂತಿಯ ತುದಿಗೆ ಗೋಧಿಕಾಳಿನಷ್ಟು ಚಿಕ್ಕ ಏನೋ ಅಂಟಿಸಿತ್ತು. ಚೀಲ ಇಲ್ಲವೆಂದು ಗಾಡಿಗೆ ಗೊತ್ತಾದರೆ ಎದುರಿನ ಕೆಂಪು ದೀಪ ಉರಿಯುತ್ತದಂತೆ. ಇದೆ ಎಂದು ಗಾಡಿಯನ್ನೇ ನಂಬಿಸಲು ಆ ಕಾಳು. ಏಳು ತಿಂಗಳು ಆ ದೀಪ ಉರಿಯಲಿಲ್ಲವೆಂದು ನಾನು ನಿಶ್ಚಿಂತಳಾಗಿದ್ದೆ.

“ಮನೀತನಾ ಓಡಿಸಬಹುದೇನ್ರಿ?” ಎಂದೆ.

“ಓಡತೈತ್ರಿ. ಓಡಾಕೇನ ತ್ರಾಸಿಲ್ಲ,” ಎಂದರು ಮುರಗೆಪ್ಪ. “ಯಾವುದಕ್ಕೂ ತಾಗಬಾರದು, ಅಷ್ಟ.”

ಮಾನ್ಯರೇ, ಉಗಾರದಿಂದ ಅಥಣಿಯವರೆಗೆ ನಾನು ಆ ದಿನ ಹೇಗೆ ಬಂದೆನೆಂದು ನಿಮ್ಮ ಯಾವ ನಮೂನೆಯಲ್ಲೂ ಬರೆಯಲು ಜಾಗವಿಲ್ಲ. ಅತ್ತೆಯನ್ನು ಹಿಂದಿನ ಸೀಟಿನ ಬಲಗಡೆ ಕೂರಿಸಿದೆ. ಕಾರಣ ಹೇಳಲಿಲ್ಲ. ಎದುರಿನಿಂದ ಲಾರಿ ಬಂದಾಗಲೆಲ್ಲ ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತೆ. ಹಿಂದಿನವರು ಹಾರ್ನ್ ಹೊಡೆದರು, ಬೈದರು. ಬ್ರೇಕಿನ ಮೇಲೆ ಕಾಲಿಟ್ಟಾಗ ಗೆರೆ ಬಿಟ್ಟುಕೊಂಡು ಹಿಂದಿನ ಅರ್ಧ ಅತ್ತೆಯ ಸಮೇತ ರಸ್ತೆಯಲ್ಲೇ ಉಳಿದುಬಿಡುತ್ತದೆ ಎನಿಸುತ್ತಿತ್ತು. ಅದು ಹಾಗೆಲ್ಲ ಆಗುವುದಿಲ್ಲ, ನಾನು ಬಲ್ಲೆ. ಭಯಕ್ಕೆ ಅದು ಗೊತ್ತಿರಲಿಲ್ಲ. ಅಂಗಳಕ್ಕೆ ಬಂದು ಇಳಿದಾಗ ನನ್ನ ಬೆರಳುಗಳು ಸ್ಟೀರಿಂಗಿನ ಆಕಾರದಲ್ಲೇ ಮಡಚಿಕೊಂಡಿದ್ದವು.

ಕಡತದಲ್ಲಿ ಹಳೆಯ ಮಾಲೀಕರ ಹೆಸರಿತ್ತು: ಅಣ್ಣಾಸಾಬ, ಗಡಿಯಾಚೆಯ ದ್ರಾಕ್ಷಿ ಬೆಳೆಗಾರರು. ಧರಣೇಂದ್ರ ಔಷಧಿ ವ್ಯಾಪಾರಿಗಳ ಮೂಲಕ ಅವರ ಫೋನ್ ನಂಬರು ಹುಡುಕಿದರು. ನಾನು ಗಾಡಿಯ ಹಳೆಯ ನಂಬರು ಹೇಳಿದೆ.

“ತೀ ಗಾಡಿ ಅಜೂನ ಫಿರ್ತೆ?” ಎಂದರು ಅವರು. ಆ ಗಾಡಿ ಇನ್ನೂ ತಿರುಗಾಡುತ್ತಿದೆಯೇ ಎಂದು. ಆಮೇಲೆ ನನಗಾಗಿ ಕನ್ನಡಕ್ಕೆ ಹೊರಳಿದರು. “ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ರಿ ತಾಯಿ, ಹಿಂದ ದೀಪ ಇಲ್ಲ ಏನಿಲ್ಲ. ನನಗ ಕೈ ಮುರೀತು ಅಷ್ಟ. ಡಾವ್ಯಾ ಬಾಜೂಕ, ಎಡಕ್ಕ, ನನ್ನ ತಮ್ಮ ಕುಂತಿದ್ದ.” ತಮ್ಮನ ಮಾತನ್ನು ಅಲ್ಲಿಗೇ ಬಿಟ್ಟು ಗಾಡಿಯ ಮಾತೆತ್ತಿದರು. “ವಿಮಾದವ್ರು ಇದು ರಿಪೇರಿ ಆಗೂದಲ್ಲ ಅಂತ ಬರದ ಕೊಟ್ಟು ಒಯ್ದ್ರು. ಗುಜರಿಗೆ ಹೋತು ಅಂತ ನಾ ತಿಳಿದಿದ್ದೆ. ಆ ಬಾಜೂಕ ಯಾರನೂ ಕುಂದರಸಬ್ಯಾಡ್ರಿ.”

ನಾನು ಫೋನ್ ಇಟ್ಟು ಅಡಿಗೆಮನೆಗೆ ಹೋದೆ. ಅತ್ತೆ ಅಲ್ಲಿ ಶೇಂಗಾ ಹುರಿಯುತ್ತ, “ಯಾರ ಫೋನ್ ಬೇ?” ಎಂದು ಕೇಳಿದರು. ಅಂಗಡಿಯವರದು ಎಂದೆ.

ಇನ್ನು ಮುಂದಿನದನ್ನು ಬರೆಯಲು ನನಗೆ ನಾಚಿಕೆಯಿದೆ. ಆದರೂ ಬಿಟ್ಟರೆ ಈ ಪತ್ರ ನಿಮ್ಮ ವರದಿಯಂತಾಗುತ್ತದೆ.

ಬಾಳು ಜಗಳವಾಡಲಿಲ್ಲ. “ನನಗೂ ಗೊತ್ತಿರಲಿಲ್ರಿ ಅಕ್ಕಾರ. ಗಾಡಿ ವಾಪಸ್ ತರ್ರಿ, ಬ್ಯಾರೆ ಗಾಡಿ ಒಯ್ಯರಿ. ಮುರಗೆಪ್ಪಗ ತೋರಿಸಿ ಒಯ್ಯರಿ,” ಎಂದರು. ಹಾಗೆಯೇ ಒಂದು ಹಳೆಯ ಬೂದು ಬಣ್ಣದ ಗಾಡಿ ಕೊಟ್ಟರು. ತಗ್ಗುಗಳೆಲ್ಲ ಮೇಲೆಯೇ ಕಾಣುವಂಥದ್ದು, ಮೈಯೊಳಗೆ ಗಟ್ಟಿ. ಬಿಳಿ ಗಾಡಿಯನ್ನು ಏನು ಮಾಡುತ್ತೀರಿ ಎಂದು ನಾನು ಕೇಳಿದೆ. ಅದು ಸತ್ಯ, ಕೇಳಿದೆ. “ಹೊರಗ ಹಾಕ್ತೀನ್ರಿ,” ಎಂದರು ಬಾಳು. ಎಲ್ಲಿ ಹೊರಗೆ ಎಂದು ಕೇಳಬೇಕಿತ್ತು. ಧರಣೇಂದ್ರ ನನ್ನ ಮೊಣಕೈ ಮುಟ್ಟಿ, “ನಡಿ, ನಮ್ಮ ಕೊಳ್ಳಾಗಿಂದು ಹೋತು,” ಎಂದರು. ಕೊಳ್ಳುವವರ ಹೆಸರು ಖಾಲಿಯಿದ್ದ ವರ್ಗಾವಣೆಯ ನಮೂನೆಯಲ್ಲಿ, ಮಾರುವವರ ಹೆಸರಿನ ಮುಂದೆ, ಮಕ್ಕಳ ಅಂಕಪಟ್ಟಿಗೆ ಹಾಕುವಷ್ಟೇ ದುಂಡಾಗಿ ಸಹಿ ಹಾಕಿದೆ. ನೀವು ನೋಡದೆ ಸಹಿ ಮಾಡಿದಿರಿ. ನಾನು ನೋಡಿ ಮಾಡಿದೆ. ನಮ್ಮಿಬ್ಬರಲ್ಲಿ ಯಾರು ಹೆಚ್ಚು ಅಪರಾಧಿ ಎಂಬ ಲೆಕ್ಕ ಗಣಿತದವಳಾದ ನನಗೆ ಇವತ್ತಿಗೂ ಬಿಡಿಸಲಾಗಿಲ್ಲ.

ಎಂಟನೆಯ ದಿನ ಶಾಲೆಯ ಗೇಟಿನೆದುರು ಆ ಕಾರು ಹಾದುಹೋಯಿತು. ಹಿಂದಿನ ಗಾಜಿನ ಮೇಲೆ ಅತ್ತೆ ಅಂಟಿಸಿದ್ದ ಜೈನರ ಅಹಿಂಸೆಯ ಹಸ್ತದ ಚಿತ್ರವನ್ನು ಯಾರೋ ಅರ್ಧ ಕಿತ್ತು ಅರ್ಧ ಬಿಟ್ಟಿದ್ದರು. ಒಳಗೆ ಐದು ಜನ. ಎಡ ಸೀಟಿನಲ್ಲಿ ಹಸಿರು ಸೀರೆಯ ಒಬ್ಬ ಹೆಂಗಸು ಗಾಜು ಇಳಿಸಿ ಗಾಳಿಗೆ ಮುಖವೊಡ್ಡಿ ಕೂತಿದ್ದಳು. ನಾನು ಕೈ ಎತ್ತಿದೆ. ಅವಳು ಯಾರೋ ಪರಿಚಯದವರೆಂದು ನಕ್ಕು ತಾನೂ ಕೈ ಬೀಸಿದಳು. ಗಾಡಿ ಹೋಯಿತು.

ಆ ದಿನವೇ ಹುಡುಕಬಹುದಿತ್ತು. ಒಂದು ವಾರ ಹುಡುಕಲಿಲ್ಲ. ಗೊತ್ತಿದ್ದೂ ಮಾರಿದೆ ಎಂದು ನನ್ನ ಮೇಲೆ ಕೇಸಾದರೆ? ಶಾಲೆಯಲ್ಲಿ ತಿಳಿದರೆ? ಬಾಳು ಈ ಗಾಡಿಯನ್ನೂ ವಾಪಸ್ ಕೇಳಿದರೆ? ಇಂಥ ಪ್ರಶ್ನೆಗಳು ಒಂದಕ್ಕೊಂದು ಜೊತೆಯಾಗಿ ಬರುತ್ತವೆ. ಹಸಿರು ಸೀರೆಯವಳು ಮಾತ್ರ ಒಬ್ಬಳೇ ಬರುತ್ತಿದ್ದಳು, ಪಾಠದ ನಡುವೆ, ಬೋರ್ಡಿಗೆ ಮುಖ ಮಾಡಿ ನಿಂತಾಗ. ಎಂಟನೆಯ ತರಗತಿಯಲ್ಲಿ ಒಂದೇ ಲೆಕ್ಕವನ್ನು ಎರಡು ಸಲ ತಪ್ಪು ಮಾಡಿದೆ.

ಮುಂದಿನ ಶನಿವಾರ ಶಿಕ್ಷಕರ ಕೋಣೆಯಲ್ಲಿ ಯಾರದೋ ಮೊಬೈಲಿಗೆ ಸುದ್ದಿ ಬಂತು: ಮಂಗಸೂಳಿಯ ಹತ್ತಿರ ಟ್ಯಾಂಕರಿಗೆ ಬಿಳಿ ಕಾರು ಡಿಕ್ಕಿ. ನಾನು ಯಾರಿಗೂ ಹೇಳದೆ ಎದ್ದು ಹೊರಟೆ. ಹದಿನೈದು ನಿಮಿಷದ ದಾರಿ. ಣಮೋಕಾರ ಮಂತ್ರ ಹೇಳಲು ಹೋದರೆ ಮೊದಲ ಸಾಲಿನ ಆಚೆಗೆ ನೆನಪಾಗಲಿಲ್ಲ. ಜನ ಸೇರಿದ್ದರು. ಅವರ ನಡುವೆ ತೂರಿ ಹೋಗಿ ಹಿಂದಿನ ಗಾಜು ನೋಡಿದೆ. ಹಸ್ತವಿರಲಿಲ್ಲ. ಬೇರೆ ಗಾಡಿ, ಬೇರೆ ನಂಬರು. ಓಡಿಸುತ್ತಿದ್ದವನು ಹಣೆಗೆ ಟವೆಲ್ ಒತ್ತಿಕೊಂಡು ರಸ್ತೆಯ ಪಕ್ಕ ಕೂತಿದ್ದ, ಅವನೆದುರು ಗಾಳಿಚೀಲ ಉಬ್ಬಿ ಇಳಿದು ಜೋತುಬಿದ್ದಿತ್ತು. ನಾನು ಆ ಅಪರಿಚಿತ ಕಾರಿನ ಮೇಲೆ ಕೈಯೂರಿ ನಿಂತೆ. “ನಿಮ್ಮವ್ರೇನ್ರಿ?” ಎಂದು ಒಬ್ಬರು ಕೇಳಿದರು. ಅಲ್ಲ ಎಂದೆ. ಅಳು ನಿಲ್ಲಲಿಲ್ಲ.

ಅಲ್ಲಿಂದ ನೇರವಾಗಿ ಮುರಗೆಪ್ಪನವರಲ್ಲಿಗೆ ಹೋದೆ. ಗಾಡಿ ಅವರಲ್ಲಿಗೆ ಬಂದು ಹೋಗಿತ್ತು. ಅದನ್ನು ಕೊಂಡವನು ಉಗಾರದವನೇ, ಕಾರ್ಖಾನೆಯಲ್ಲಿ ಕಬ್ಬಿನ ತೂಕದ ಕೆಲಸಕ್ಕಿರುವ ವಿಶಾಲ. “ಅವಗ ಹೇಳಿದ್ರೇನ್ರಿ?” ಎಂದೆ. ಮುರಗೆಪ್ಪ ಕೈ ಒರೆಸಿಕೊಂಡರು. “ಮಾರಿದವರ ನೀವು. ನೀವ ಹೇಳಲಾರದ್ದು ನಾ ಹ್ಯಾಂಗ ಹೇಳ್ಲಿ?”

ವಿಶಾಲನಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ನಾನು ಅವನ ಮನೆಗೆ ಹೋದಾಗ ಅಂಗಳದಲ್ಲಿ ಅದೇ ಕಾರು ತೊಳೆಯುತ್ತಿದ್ದ. ಮರುದಿನ ಮನೆಯವರನ್ನೆಲ್ಲ ಮಂಗಸೂಳಿ ಮಲ್ಲಯ್ಯನ ದರ್ಶನಕ್ಕೆ ಕರೆದೊಯ್ಯುವವನಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿ ನಕ್ಕ. “ಮಾರಿದ ಮ್ಯಾಲೆ ಮನಸ ಬದಲ ಆತೇನ್ರಿ ಟೀಚರ್?” ಅವನ ಹೆಂಡತಿ ಶೈಲಾ ಹೊರಗೆ ಬಂದಳು. ಶಾಲೆಯೆದುರು ಕೈ ಬೀಸಿದವಳು ಅವಳೇ. ಆರು ತಿಂಗಳ ಬಸುರಿ. ಅವಳು ನಗಲಿಲ್ಲ. ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಚಾಕು ಕೈಯಲ್ಲೇ ಇತ್ತು. ಎಡಗಡೆಯ ಬಾಗಿಲು ತೆರೆದು, ಹೊಟ್ಟೆ ಒತ್ತದಂತೆ ಮೆಲ್ಲನೆ ಮಂಡಿಯೂರಿ, ಕಾರ್ಪೆಟ್ಟಿನ ಅಂಚಿಗೆ ಚಾಕು ಹಾಕಿ ತಾನೇ ಎತ್ತಿದಳು. ಗೆರೆಯ ಮೇಲೆ ಅಂಗೈ ಆಡಿಸಿದಳು.

“ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಗೊತ್ತಿದ್ದ ಕೊಟ್ರಿ.”

ಅದು ಪ್ರಶ್ನೆಯಾಗಿರಲಿಲ್ಲ. ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ವಿಶಾಲ ಬಕೀಟು ಕೆಳಗಿಟ್ಟು ಬಂದು ಗೆರೆ ನೋಡಿದ. ಸಿಟ್ಟಿಲ್ಲದೆ, ನಿಜವಾಗಿಯೂ ದಾರಿ ಕೇಳುವವನಂತೆ ಕೇಳಿದ, “ಹಂಗಾರ ಈಗ ನಾನೂ ಯಾರಿಗರೆ ಮಾರ್ಲೇನ್ರಿ ಟೀಚರ್?”

ಅವನಿಗೆ ನಾನು ಏನು ಹೇಳಬೇಕಿತ್ತು? ನೀವೇ ಹೇಳಿ.

ಸೋಮವಾರ ನಿಮ್ಮಲ್ಲಿಗೆ ಬಂದೆವು. ವಿಶಾಲ ಒಬ್ಬನೇ ಆ ಗಾಡಿಯನ್ನು ನಿಧಾನವಾಗಿ ಓಡಿಸಿಕೊಂಡು ಮುಂದೆ, ನಾವು ಗಂಡ ಹೆಂಡತಿ ಹಿಂದೆ. ನಿಮ್ಮ ಮೇಜಿನ ಪಕ್ಕದ ಕಿಟಕಿಯಿಂದ ಅದು ಕಾಣುತ್ತಿತ್ತು. ಇಳಿದು ಬಂದರೆ ಮೂವತ್ತು ಹೆಜ್ಜೆ. ನೀವು ಕಂಪ್ಯೂಟರಿನಲ್ಲಿ ನೋಡಿದಿರಿ. “ಚಾಸಿ ಸಂಖ್ಯೆ ತಾಳೆಯಾಗಿದೆ. ದಾಖಲೆಗಳು ಕ್ರಮಬದ್ಧವಾಗಿವೆ. ವಾಹನ ಸುಸ್ಥಿತಿಯಲ್ಲಿದೆ,” ಎಂದಿರಿ. ತಪಾಸಣೆಯೆಂದರೆ ಸೀಟಿನಡಿಯ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ಎಂದು ಆಗ ನಮಗೆ ತಿಳಿಯಿತು. ಸಂಖ್ಯೆ ನಿಜವೇ ಇತ್ತು. ಆ ಸಂಖ್ಯೆಯಿಂದ ಒಂದು ಮೊಳ ದೂರದಲ್ಲಿ ಗೆರೆಯಿತ್ತು. ಒಂದು ಮೊಳ ಆಚೆಗೆ ಕೈ ಚಾಚಲು ಯಾವ ಸುತ್ತೋಲೆ ಅಡ್ಡಬಂತು? “ಕೆಳಗೆ ಬಂದು ನೋಡಿರಿ” ಎಂದು ಧರಣೇಂದ್ರ ಕೈಮುಗಿದರು. ನಲವತ್ತೆಂಟು ವರ್ಷದ ಮನುಷ್ಯ ಕೈಮುಗಿದರು. ಊಟದ ಸಮಯ ಎಂದಿರಿ.

ಆ ದಿನ ಹಿಂದಿರುಗುವಾಗ ಧರಣೇಂದ್ರ ತಾವಾಗಿಯೇ, ನನ್ನನ್ನು ಕೇಳದೆ, ನಮ್ಮ ಬೂದು ಗಾಡಿಯ ಕೀಲಿಯನ್ನು ವಿಶಾಲನ ಕೈಗಿಟ್ಟರು. “ಇದು ಗಟ್ಟಿ ಐತಿ. ಹೆಂಡ್ತಿನ ಇದರಾಗ ಕರಕೊಂಡ ತಿರಗು. ಅದು ನಮ್ಮ ಪಾಪ, ನಮ್ಮ ಮನ್ಯಾಗ ಇರ್ಲಿ.” ಹದಿನೈದು ವರ್ಷದ ಸಂಸಾರದಲ್ಲಿ ನಾನು ಅವರಿಗೆ ಯಾವತ್ತೂ ಹೇಳದ ಮಾತೊಂದನ್ನು ಅಂದು ಹೇಳಿದೆ, ಅದು ನಿಮಗೆ ಸಂಬಂಧಿಸಿದ್ದಲ್ಲ. ಶೈಲಾಳಿಗೆ ಹೋದ ತಿಂಗಳು ಹೆಣ್ಣುಮಗುವಾಯಿತು. ನಾನು ನೋಡಲು ಹೋಗಿದ್ದೆ. ಚಹಾ ಕೊಟ್ಟಳು, ಮಗುವನ್ನು ಕೈಗೆ ಕೊಡಲಿಲ್ಲ. ಅತ್ತೆಯೂ ನಾನೂ ಈಗ ಆಸ್ಪತ್ರೆಗೆ ಬಸ್ಸಿನಲ್ಲೇ ಹೋಗುತ್ತೇವೆ. ಮೆಟ್ಟಿಲ ಹತ್ತಿರ ಕಂಡಕ್ಟರು ಒಂದು ಕೈ, ನಾನು ಒಂದು ಕೈ.

ಗಾಡಿಯನ್ನು ನಾವೇ ಗುಜರಿಗೆ ಹಾಕಬಾರದೇಕೆ ಎಂದು ನೀವು ಕೇಳಬಹುದು. ಅಣ್ಣಾಸಾಬರೂ ಅದು ಗುಜರಿಗೇ ಹೋಯಿತೆಂದು ನಂಬಿದ್ದರಲ್ಲ. ಅಲ್ಲಿಂದಲೇ ಅದು ಎದ್ದುಬಂದದ್ದು, ನಿಮ್ಮ ಕೈಯಿಂದ ಹೊಸ ಜನ್ಮ ಪಡೆದದ್ದು. ಕಾಗದ ಬದುಕಿರುವವರೆಗೆ ಅದು ಸಾಯುವುದಿಲ್ಲ. ನೋಂದಣಿ ರದ್ದು ಮಾಡಿ ಎಂದು ವಿಶಾಲ ಕೊಟ್ಟ ಅರ್ಜಿಯನ್ನು ನಿಮ್ಮ ಕಚೇರಿ ಹಿಂತಿರುಗಿಸಿದೆ. ಕಾರಣ: ‘ವಾಹನ ಸುಸ್ಥಿತಿಯಲ್ಲಿರುವುದರಿಂದ’.

ಮೊನ್ನೆ ಭಾನುವಾರ ರಾಯಬಾಗದ ಕಡೆಯವರೊಬ್ಬರು ನಮ್ಮ ಗೇಟಿಗೆ ಬಂದರು. ಸಭ್ಯ ಮನುಷ್ಯ. ಬೋರಗಾಂವದಲ್ಲಿ ಮಗಳ ಮನೆಯಿದೆಯಂತೆ, ಹೋಗಿಬರಲು ಗಾಡಿ ಬೇಕಂತೆ, ಬಾಳು ನಮ್ಮ ವಿಳಾಸ ಕೊಟ್ಟರಂತೆ. ನಾನು ಈ ಸಲ ತಪ್ಪು ಮಾಡಲಿಲ್ಲ. ಕಾರ್ಪೆಟ್ ಎತ್ತಿ ಗೆರೆ ತೋರಿಸಿದೆ, ಸ್ಪಂಜು ತೋರಿಸಿದೆ, ಅಣ್ಣಾಸಾಬರ ತಮ್ಮನಿಗಾದದ್ದನ್ನು ಹೇಳಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಆಮೇಲೆ ಕೇಳಿದರು, “ಕಾಗದ ಬರೋಬ್ಬರಿ ಅದಾವಲ್ರಿ?”

ಇವೆ ಎಂದೆ.

“ಹಂಗಾರ ನಡೀತೈತಿ ತಗೋರಿ. ನಾ ಹಗೂರ ಓಡಸ್ತೀನಿ.”

ಕೊಡುವುದಿಲ್ಲ ಎಂದು ಅವರನ್ನು ಕಳುಹಿಸಿ, ಗೇಟು ಹಾಕಿ ಒಳಗೆ ಬಂದೆ. ಇಷ್ಟು ದಿನ ಸುಳ್ಳು ಹೇಳಿದರೆ ಜನ ಸಾಯುತ್ತಾರೆ ಎಂದು ಹೆದರಿದ್ದೆ. ನಿಜ ಹೇಳಿದರೂ ನಿಲ್ಲುವುದಿಲ್ಲ ಎಂದು ಆ ದಿನ ಗೊತ್ತಾಯಿತು. ಕಣ್ಣಾರೆ ಕಂಡ ಬೆಸುಗೆಗಿಂತ ನಿಮ್ಮ ಮುದ್ರೆಯನ್ನೇ ಜನ ಹೆಚ್ಚು ನಂಬುತ್ತಾರೆ, ಮಾನ್ಯರೇ. ಇಷ್ಟು ನಂಬಿಕೆಗೆ ನೀವು ಏನು ಮಾಡಿದ್ದೀರಿ?

ನನ್ನ ಬೇಡಿಕೆ ದೊಡ್ಡದಲ್ಲ. ಬಾಳುವನ್ನು ಜೈಲಿಗೆ ಹಾಕಿ ಎಂದು ಕೇಳುತ್ತಿಲ್ಲ. ಅದು ಬೇರೆ ಇಲಾಖೆ. ನನ್ನ ಮೇಲೆ ಕೇಸು ಮಾಡುವುದಿದ್ದರೆ ಮಾಡಿ. ವರ್ಗಾವಣೆಯ ಕಾಗದದಲ್ಲಿ ನನ್ನ ಸಹಿ ಸ್ಪಷ್ಟವಾಗಿದೆ, ಓದಲು ತೊಂದರೆಯಾಗದು. ಹದಿನೈದು ದಿನದೊಳಗೆ ನೀವೇ ಅಥಣಿಗೆ ಬನ್ನಿ, ಹಗಲು ಹೊತ್ತಿನಲ್ಲಿ, ಊಟ ಮುಗಿಸಿಕೊಂಡು. ಎಡಗಡೆಯ ಬಾಗಿಲು ತೆರೆದು ಮಂಡಿಯೂರಿ ಆ ಗೆರೆಯ ಮೇಲೆ ಕೈಯಾಡಿಸಿ. ಆಮೇಲೂ ಅದು ಯೋಗ್ಯವೆನಿಸಿದರೆ ಎಡ ಸೀಟಿನಲ್ಲಿ ಕೂತುಕೊಳ್ಳಿ. ಕಾಗವಾಡದವರೆಗೆ ನಾನು ಓಡಿಸುತ್ತೇನೆ. ಎನಿಸದಿದ್ದರೆ ನಮ್ಮೆಲ್ಲರೆದುರು ಆ ನೋಂದಣಿಯನ್ನು ರದ್ದು ಮಾಡಿ, ಮತ್ತು ಗಡಿ ದಾಟಿ ಬಂದು ನಿಮ್ಮ ಕೈಯಿಂದ ಹೊಸ ನಂಬರು ಪಡೆದ ಉಳಿದ ಗಾಡಿಗಳ ಕಾರ್ಪೆಟ್ ಎತ್ತಿಸಿ. ಅವು ಎಷ್ಟಿವೆಯೋ ನನಗೆ ಗೊತ್ತಿಲ್ಲ. ಬಸ್ಸಿನ ಕಿಟಕಿಯಿಂದ ಎದುರು ಬರುವ ಪ್ರತಿ ಕಾರಿನ ಎಡ ಸೀಟನ್ನು ನೋಡುತ್ತ ಹೋಗುತ್ತೇನೆ. ಅಲ್ಲಿ ಯಾರಾದರೂ ಕೂತೇ ಇರುತ್ತಾರೆ.

ಇಂತಿ,
ಯಾರಾದರೂ ಗೇಟು ಬಡಿದರೆ ಬೆಚ್ಚುವ,
ಮೇಘಾ,
ಗಣಿತ ಶಿಕ್ಷಕಿ, ಅಥಣಿ